ಪಾಲಕನ ಕಿವಿ

ಪಿಸಕ್ಕ ಆ ಮನುಷ್ಯನ ಮೇಲೆ ಇಟ್ಟುಕೊಂಡಿದ್ದ ಹಗೆಗೂ ಅವಳ ಮಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮಗಳಿಗೆ ಕಿವಿಯ ಹತ್ತಿರ ಕೂದಲು ನರೆಯತೊಡಗಿತ್ತು. ಹಗೆ ಮಾತ್ರ ಇನ್ನೂ ಹರೆಯದಲ್ಲೇ ಇತ್ತು. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮರೆಯಲಾಗದಂಥದ್ದು ಅವರಿಗೆ ಏನೂ ಆಗಿರಲಿಕ್ಕಿಲ್ಲ, ಅಷ್ಟೆ.

ಪಿಸಕ್ಕ ಎನ್ನುವುದು ಅವಳ ಹೆಸರಲ್ಲ, ಅವಳ ಕೆಲಸ. ಟಿವಿ ಸ್ಟುಡಿಯೋದಲ್ಲಿ ಅವಳು ಪ್ರಾಂಪ್ಟರ್. ನಟರು ಮಾತು ಮರೆತರೆ ಸೆಟ್ಟಿನ ಗೋಡೆಯ ಹಿಂದೆಯೋ ಮೇಜಿನ ಕೆಳಗೋ ಕುಳಿತು ಪಿಸುಗುಟ್ಟಿ ನೆನಪಿಸಬೇಕು. ಕೇಳಿದರೆ ಸುಲಭ ಅನಿಸುತ್ತದೆ. ಆ ಪಿಸುಮಾತು ನಟನ ಕಿವಿಗೆ ಮುಟ್ಟಬೇಕು, ನಟನ ತಲೆಯ ಮೇಲೆಯೇ ತೂಗುವ ಮೈಕಿಗೆ ಮುಟ್ಟಬಾರದು. ಇದನ್ನು ಅವಳಷ್ಟು ಸಲೀಸಾಗಿ ಮಾಡುವವರು ಆ ಸ್ಟುಡಿಯೋದಲ್ಲಿ ಇರಲಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಎಲ್ಲರಿಗೂ ಅಕ್ಕನಾದಳು.

ಆಗ ಟಿವಿ ಇನ್ನೂ ಕಪ್ಪು ಬಿಳುಪು. ಧಾರಾವಾಹಿಗಳನ್ನು ಮೊದಲೇ ಚಿತ್ರೀಕರಿಸಿ ತಿದ್ದಿ ತೀಡಿ ತೋರಿಸುವಷ್ಟು ಪುರುಸೊತ್ತಾಗಲಿ ಅನುಕೂಲವಾಗಲಿ ಇರಲಿಲ್ಲ. ಸ್ಟುಡಿಯೋದಲ್ಲಿ ನಟರು ಮಾತಾಡಿದ್ದು ಅದೇ ಕ್ಷಣ ಮನೆಮನೆಗೆ ಹೋಗುತ್ತಿತ್ತು. ಹೀಗೆ ಹೋದವುಗಳಲ್ಲಿ ಜನ ಹುಚ್ಚೆದ್ದು ನೋಡಿದ್ದು "ಎರಡನೇ ಊರು". ಒಬ್ಬ ಮೇಷ್ಟ್ರು ಶಾಲೆಯ ಬೀರುವಿನ ಬಾಗಿಲು ತೆಗೆಯುತ್ತಾನೆ, ಆಚೆ ಇನ್ನೊಂದು ಲೋಕ. ಅದೇ ಬೀದಿ, ಅದೇ ಅಂಗಡಿ, ಅದೇ ಜನ. ಆದರೆ ಅಲ್ಲಿ ನಗುವುದಕ್ಕೆ ಪರವಾನಗಿ ಬೇಕು. ಪಕ್ಕದ ಮನೆಯವರು ನಿದ್ದೆಯಲ್ಲಿ ಏನು ಕನವರಿಸಿದರು ಎಂದು ಬೆಳಗಾದರೆ ಕಚೇರಿಗೆ ಹೋಗಿ ಹೇಳಬೇಕು. ಆ ಊರನ್ನು ಆಳುವವನು ಮಹಾಪಾಲಕ. ಅವನ ಮುಖ ನೋಡಿದರೆ ಮೇಷ್ಟ್ರದೇ ಮುಖ.

ಇಷ್ಟು ದೊಡ್ಡ ಲೋಕವನ್ನು ಅವರು ಪ್ಲೈವುಡ್ಡಿನಲ್ಲಿ ಕಟ್ಟಿದ್ದರು. ಮೇಷ್ಟ್ರ ಮನೆಯ ಪರದೆ ಕಿತ್ತು ಕುರ್ಚಿ ತಿರುಗಿಸಿಟ್ಟರೆ ಅದೇ ಎರಡನೇ ಊರಿನ ಠಾಣೆ. ಪಾಲಕನ ಸಿಂಹಾಸನ ಕ್ಷೌರದಂಗಡಿಯಿಂದ ತಂದ ಕುರ್ಚಿ, ಅದಕ್ಕೆ ಸುತ್ತಿದ್ದು ಬೆಳ್ಳಿ ಕಾಗದ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಅರಮನೆ ಇಡೀ ಅಲ್ಲಾಡುತ್ತಿತ್ತು. ಆಗ ಪಿಸಕ್ಕ ಗೋಡೆಯ ಹಿಂದಿನಿಂದ "ಮತ್ತೆ ಭೂಕಂಪ" ಎಂದು ಉಸುರುತ್ತಿದ್ದಳು, ನಟ ಅದನ್ನೇ ಗಂಭೀರವಾಗಿ ಹೇಳುತ್ತಿದ್ದ. ಎರಡನೇ ಊರಿಗೆ ಪದೇ ಪದೇ ಭೂಕಂಪ ಆಗುತ್ತದೆ ಎಂದು ಮಕ್ಕಳು ನಂಬಿಬಿಟ್ಟಿದ್ದರು.

ಇದನ್ನೆಲ್ಲ ಬರೆಯುತ್ತಿದ್ದವನು ಅವಳ ಗಂಡ. ಎಲ್ಲರೂ ಅವನನ್ನು ಕಥೆಗಾರ ಎನ್ನುತ್ತಿದ್ದರು. ಆ ದಿನಗಳಲ್ಲಿ ಅವರ ದೇಶದಲ್ಲೂ ಆಳುತ್ತಿದ್ದದ್ದು ಶಿಸ್ತಿನ ಸರ್ಕಾರ. ಬೀದಿಯಲ್ಲಿ ನಾಲ್ಕು ಜನ ನಿಂತು ಮಾತಾಡುವಂತಿರಲಿಲ್ಲ. ಬೀರುವಿನಾಚೆಯ ಲೋಕ ಯಾವುದು ಎಂದು ನೋಡುವ ಜನಕ್ಕೆ ಚೆನ್ನಾಗಿ ಅರ್ಥವಾಗುತ್ತಿತ್ತು. ಆಳುವವರಿಗೆ ಮಾತ್ರ ಅದು ಮಕ್ಕಳ ಕಾರ್ಯಕ್ರಮವಾಗಿ ಕಾಣುತ್ತಿತ್ತು. ಒಬ್ಬ ಮಂತ್ರಿಯಂತೂ ಸಿಂಹಾಸನ ಬಹಳ ಚೆನ್ನಾಗಿದೆ ಎಂದು ಹೇಳಿಕಳಿಸಿದ್ದ.

ಮೇಷ್ಟ್ರೂ ಅವನೇ, ಪಾಲಕನೂ ಅವನೇ ಆಗಿದ್ದ ಆ ನಟನ ವಿಷಯಕ್ಕೆ ಬರೋಣ. ಎತ್ತರದ ಆಳು, ತುಂಬಿದ ದನಿ, ಒಂದು ಕಣ್ಣು ಕಿರಿದು ಮಾಡಿದರೆ ನೋಡುವವರ ಎದೆ ಝಲ್ಲೆನ್ನುತ್ತಿತ್ತು. ದೇವರು ಇಷ್ಟೆಲ್ಲ ಕೊಟ್ಟು ತಲೆಯೊಳಗೆ ಜ್ಞಾಪಕ ಇಡುವುದನ್ನು ಮರೆತಿದ್ದ. ಒಂದು ಸಾಲು ಬಾಯಿಪಾಠ ಬರುತ್ತಿರಲಿಲ್ಲ. ಪಿಸಕ್ಕ ಹೇಳಿದ್ದು ಕಿವಿಯಿಂದ ನೇರ ಬಾಯಿಗೆ ಇಳಿಯುತ್ತಿತ್ತು, ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ. ಆದರೆ ಹೇಳುವ ರೀತಿ ನೋಡಬೇಕು, ಪ್ರತಿ ಮಾತೂ ಅವನ ಹೊಟ್ಟೆಯಾಳದಿಂದಲೇ ಹುಟ್ಟಿತೇನೋ ಎಂಬಂತೆ. ಅವಳನ್ನು ತಂಗಿ ಎಂದು ಕರೆಯುತ್ತಿದ್ದ, ಅವಳು ಅಣ್ಣ ಎನ್ನುತ್ತಿದ್ದಳು. ವಾರಕ್ಕೆರಡು ಸಲ ಅವರ ಮನೆಯಲ್ಲೇ ಅವನ ಊಟ.

ಅಂಥದೊಂದು ಊಟದ ಹೊತ್ತಿನಲ್ಲೇ ಕಥೆಗಾರ ಎರಡು ವಿಷಯ ಹೇಳಿದ. ಪಾಲಕ ನಿಜವಾಗಿ ಯಾರು ಎಂದು ಆಳುವವರಿಗೆ ಇನ್ನೂ ಹೊಳೆದಿಲ್ಲವಲ್ಲ ಎಂದು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣನೇ, ಅನ್ನ ನೆತ್ತಿಗೇರಿ ಪಿಸಕ್ಕ ಬೆನ್ನು ತಟ್ಟಬೇಕಾಯಿತು. ಆಮೇಲೆ ಕಥೆಗಾರ, ಇನ್ನು ಕೆಲವೇ ವಾರಗಳಲ್ಲಿ ಊರಿನ ಜನ ಪಾಲಕನನ್ನು ಇಳಿಸುತ್ತಾರೆ, ಬೀರು ಮುಚ್ಚುತ್ತದೆ, ಕಥೆ ಮುಗಿಯುತ್ತದೆ ಎಂದ. ಅಣ್ಣ ಕೈ ತೊಳೆದು ಬೇಗ ಹೊರಟ.

ಅದಾದ ಮೇಲೆ ಒಂದು ಮಧ್ಯಾಹ್ನ ಅವನು ಮೇಕಪ್ ಕೋಣೆಗೆ ಬಂದು ಅವಳ ಕೈಗೆ ಒಂದು ಹಾಳೆ ಕೊಟ್ಟ. ನಿರ್ದೇಶಕರು ಸೇರಿಸಿರುವ ಹೊಸ ದೃಶ್ಯವಂತೆ. ಎರಡನೇ ಊರಿನ ಒಬ್ಬ ಪ್ರಜೆ ಅಧಿಕಾರಿಗಳ ಮುಂದೆ ನಿಂತು ಕಥೆ ಬರೆಯುವ ತನ್ನ ಗೆಳೆಯನ ಮೇಲೆ ದೂರು ಹೇಳುತ್ತಾನೆ. ಆ ಪ್ರಜೆಯ ಪಾತ್ರವೂ ತನ್ನದೇ, ಈ ದೃಶ್ಯಕ್ಕೆ ಮರೆಯಲ್ಲಿ ಕೂರಲು ಜಾಗವಿಲ್ಲ, ಹಾಗಾಗಿ ಬಾಯಿಪಾಠ ಮಾಡಿಸಲೇಬೇಕು ಎಂದ. ಹಾಳೆಯಲ್ಲಿ ಊಟದ ದಿನದ ಮಾತು ಕಂಡರೂ, ಗಂಡನೇ ನಿರ್ದೇಶಕರಿಗೆ ಹೇಳಿರಬೇಕು ಎಂದುಕೊಂಡು ಅವಳು ಕೂತು ಮಾಡಿಸಿದಳು. ಮಗ್ಗಿ ಕಲಿಸಿದ ಹಾಗೆ, ಸಾಲಿನ ಮೇಲೆ ಸಾಲು, ಸಂಜೆಯವರೆಗೆ, ಮಾರನೇ ದಿನವೂ. "ಉಂಡವನು" ಅನ್ನುವ ಮಾತಿನ ಮುಂದೆ ಒಂದು ಉಸಿರು ತಡೆದರೆ ತೂಕ ಬರುತ್ತದೆ ಎಂದು ತಿದ್ದಿಯೂ ಕೊಟ್ಟಳು. ಜೀವಮಾನದಲ್ಲಿ ಅವನಿಗೆ ಪೂರ್ತಿ ಬಾಯಿಗೆ ಬಂದ ಪಾಠ ಅದೊಂದೇ.

ಆ ವಾರ ಕಥೆಗಾರನನ್ನು ಮನೆಯಿಂದ ಎಳೆದುಕೊಂಡು ಹೋದರು. ವಿಚಾರಣೆಯ ದಿನ ಅವಳನ್ನು ಒಳಗೆ ಬಿಡಲಿಲ್ಲ, ಸಾಕ್ಷಿಯ ಹೊತ್ತಿಗೆ ಕಥೆಗಾರನನ್ನೂ ಬೇರೆ ಕೋಣೆಯಲ್ಲಿಟ್ಟಿದ್ದರು. ಸೊಂಟದ ಮೇಲೆ ಕೂಸನ್ನು ಇಟ್ಟುಕೊಂಡು ಮುಚ್ಚಿದ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗಿನಿಂದ ತುಂಬಿದ ದನಿಯೊಂದು ಕೇಳಿತು. "ಸ್ವಾಮಿ, ನಾನು ಇವನ ಮನೆಯಲ್ಲಿ..." ಒಂದು ಉಸಿರು ತಡೆದು, "ಉಂಡವನು." ಅದೇ ಹಾಳೆ, ಅದೇ ಸಾಲು. ಹಾಳೆಯಲ್ಲಿ ಎರಡನೇ ಊರಿನವನ ಹೆಸರಿದ್ದ ಕಡೆ ಈಗ ಅವಳ ಗಂಡನ ಹೆಸರು ಬರಬೇಕಿತ್ತು. ಅಲ್ಲಿ ದನಿ ತಡವರಿಸಿತು. ಆಗ ಬೆಂಚಿನ ಮೇಲೆ ಕೂತಿದ್ದ ಅವಳ ತುಟಿ ತಾನಾಗಿಯೇ ಅಲ್ಲಾಡಿತು, ಅಭ್ಯಾಸಬಲ. ಆ ಕ್ಷಣಕ್ಕಾಗಿ ಅವಳು ತನ್ನನ್ನು ಎಷ್ಟು ಶಪಿಸಿಕೊಂಡಳೋ ಅವನನ್ನು ಅದರ ಹತ್ತರಷ್ಟು ಶಪಿಸಿದಳು.

ನಿರ್ದೇಶಕನನ್ನೂ ಕ್ಯಾಮೆರಾದವನನ್ನೂ ಆಮೇಲೆ ಹಿಡಿದರು. ಕಥೆಗಾರನಿಗೆ ಜೈಲಿನಲ್ಲಿ ಎದೆರೋಗ ಹಿಡಿಯಿತು, ಹೇಗೂ ಸಾಯುತ್ತಾನೆ ಎಂದು ಎಲ್ಲರಿಗಿಂತ ಮೊದಲು ಬಿಟ್ಟರು. ಅಷ್ಟು ಸಾಕಾಯಿತು. ಮೊದಲು ಹೊರಗೆ ಬಂದವನೇ ಬಾಯಿ ಬಿಟ್ಟವನು ಎಂದು ಸ್ಟುಡಿಯೋ ತುಂಬ ಗುಸುಗುಸು ಎದ್ದಿತು. ಅದನ್ನು ಎಬ್ಬಿಸಿದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಪಾಪ, ಏಟು ತಾಳಲಿಲ್ಲವೇನೋ, ನಾನಂತೂ ಅವನನ್ನು ಕ್ಷಮಿಸಿದ್ದೇನೆ ಎಂದು ಅಣ್ಣ ಎಲ್ಲರೆದುರು ಕಣ್ಣೊರೆಸಿಕೊಂಡ. ಹೌದು, ಕ್ಷಮಿಸಿದನಂತೆ.

ಬಾಗಿಲಾಚೆ ಕೇಳಿದ್ದನ್ನು ಪಿಸಕ್ಕ ಗಂಡನಿಗೆ ಹೇಳಿದಳು. ಅವನು ಒಂದೇ ಮಾತು ಕೇಳಿದ.

"ಚೆನ್ನಾಗಿ ಹೇಳಿದ್ನಾ?"

"ಚೆನ್ನಾಗೇ ಹೇಳಿದ," ಎಂದಳು.

ಮಗಳು ಚಾಡಿಕೋರನ ಮಗಳಾಗಿ ಬೆಳೆದಳು. ಶಾಲೆಯಲ್ಲಿ ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ. ಒಂದು ದಿನ ಅಪ್ಪನ ಮುಂದೆ ನಿಂತು, ಎಲ್ಲರೂ ಹೇಳುವುದು ನಿಜವೇ ಎಂದು ಕೇಳಿಯೇಬಿಟ್ಟಳು. ಅವನು ಗೋಡೆಯ ಕಡೆ ಹೊರಳಿದ. ಆ ಹೊರಳಿದ್ದನ್ನೇ ಮಗಳು ಉತ್ತರ ಎಂದುಕೊಂಡಳು. ಅವನು ತೀರಿಕೊಂಡ ಮೇಲೆ ತಾಯಿ ಎಷ್ಟು ಹೇಳಿದರೂ, ಇರಲಿ ಬಿಡಮ್ಮ, ಗಂಡನನ್ನು ಹೆಂಡತಿ ಬಿಟ್ಟುಕೊಡುತ್ತಾಳೆಯೇ ಎನ್ನುವಳು. ಮಗಳು ಒರಟಿಯಲ್ಲ, ಮೆತ್ತಗೆ ಹೇಳುತ್ತಿದ್ದಳು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚುತ್ತಿತ್ತು.

ಧಾರಾವಾಹಿಯೇನೂ ನಿಲ್ಲಲಿಲ್ಲ. ಬೇರೆ ಯಾರೋ ಬರೆದರು, ಪಾಲಕ ಪ್ರಜೆಗಳ ತಂದೆಯಾದ, ಭಾಷಣ ಮಾಡಿದ. ಪ್ರಸಾರದ ಹೊತ್ತಿಗೇ ದಾಖಲಿಸಿಟ್ಟಿದ್ದ ಆ ಕಂತುಗಳ ಟೇಪುಗಳನ್ನು ಅಳಿಸಿ ಮೇಲೆ ಫುಟ್‌ಬಾಲ್ ತುಂಬಿದರು. ಉಳಿದದ್ದು ಕಥೆಗಾರ ಬರೆದ ಮೊದಲ ಕೆಲವು ಮಾತ್ರ. ಶಿಸ್ತಿನ ಸರ್ಕಾರ ಬಿದ್ದು ಕಡತಗಳೆಲ್ಲ ಬೆಂಕಿಗೆ ಹೋದ ಮೇಲೆ ಆ ಉಳಿದದ್ದನ್ನು ನೋಡಿದ ಜನ, ಅಬ್ಬಾ ಆ ಕಾಲದಲ್ಲೇ ಇವರಿಗೆ ಎಂಥ ಎದೆಗಾರಿಕೆ ಎಂದು ನಟನನ್ನು ಹೊತ್ತು ಮೆರೆಸಿದರು. ಹೆಸರು ಹೋಗಿ ಪಾಲಕರು ಎಂದೇ ಆಯಿತು. ಪಿಸಕ್ಕ ಒಬ್ಬ ಪತ್ರಕರ್ತನ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವನು ನೀರು ಕೊಟ್ಟು, ಪುರಾವೆ ಏನಿದೆಯಮ್ಮ ಎಂದ.

ಚಾಡಿಕೋರನ ಹೆಂಡತಿಗೆ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟವನು ಅಣ್ಣನೊಬ್ಬನೇ. ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಮನಸ್ಸೂ ಇಲ್ಲ ಮಣ್ಣೂ ಇಲ್ಲ, ಅವಳ ದನಿ ಕಿವಿಯಲ್ಲಿಲ್ಲದಿದ್ದರೆ ಅವನಿಗೆ ಬಾಯೇ ಏಳುತ್ತಿರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ ಎಂದೇ ಅವನು ನಂಬಿದ್ದ. ಅವಳು ಅನ್ನಕ್ಕಾಗಿ ಹೋದಳು, ಹಲ್ಲು ಕಚ್ಚಿಕೊಂಡು. ಒಮ್ಮೆ ಯಾವುದೋ ಧಾರಾವಾಹಿಯಲ್ಲಿ ನಾಯಕಿಯ ಕೈ ಹಿಡಿದು ಪ್ರೀತಿಯ ಮಾತಾಡುವ ದೃಶ್ಯ. ಅವಳಿಗೆ ಏನು ತಿಕ್ಕಲೋ, "ನಮ್ಮ ಎಮ್ಮೆಗೆ ಜ್ವರ ಬಂದಿದೆ" ಎಂದು ಉಸುರಿದಳು. ಅವನು ಕಣ್ಣಲ್ಲಿ ನೀರು ತುಂಬಿಕೊಂಡು, ದನಿ ನಡುಗಿಸಿ, ನಮ್ಮ ಎಮ್ಮೆಗೆ ಜ್ವರ ಬಂದಿದೆ ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಆ ಚೂರನ್ನು ಕತ್ತರಿಸಿ ಎಸೆದರು. ಪಿಸಕ್ಕ ನಗಲಿಲ್ಲ. ತನ್ನ ಕೈಯಲ್ಲಿ ಎಂಥ ಬೀಗದ ಕೈ ಇದೆ ಎಂದು ಅವಳಿಗೆ ಅವತ್ತು ತಿಳಿಯಿತು. ಕತ್ತರಿ ಹಾಕಲಾಗದ ಒಂದು ದಿನ ಬೇಕಿತ್ತು, ಅಷ್ಟೆ. ಆದರೆ ಟಿವಿ ಬದಲಾಗಿತ್ತು, ಎಲ್ಲವೂ ಮೊದಲೇ ಚಿತ್ರೀಕರಣವಾಗಿ ತಿದ್ದಿ ಹೋಗುತ್ತಿತ್ತು. ಅವಳು ಕಾದಳು.

ಆ ದಿನ ತಾನಾಗಿಯೇ ನಡೆದು ಬಂತು. "ಎರಡನೇ ಊರು" ಹುಟ್ಟಿದ ಹಬ್ಬ ಮಾಡಬೇಕೆಂದು ವಾಹಿನಿಯವರಿಗೆ ಹುಮ್ಮಸ್ಸು ಬಂದಿತ್ತು. ಹಳೆಯ ಕಾಲದ ಹಾಗೆಯೇ ಒಂದು ದೃಶ್ಯವನ್ನು ನೇರ ಪ್ರಸಾರದಲ್ಲಿ ಆಡಿಸುವುದು ಎಂದು ಹೊಸ ನಿರ್ದೇಶಕಿ ತೀರ್ಮಾನಿಸಿದಳು. ಚುರುಕಾದ ಹೆಂಗಸು, ಹಳೆಯದರ ಮೇಲೆ ನಿಜವಾದ ಪ್ರೀತಿ ಇದ್ದವಳು. ಪಾಲಕರು ಒಪ್ಪಿದರು, ಆದರೆ ನನ್ನ ಕಿವಿಗೆ ನನ್ನ ತಂಗಿಯೇ ಬೇಕು ಎಂದರು. ಜಾಹೀರಾತಿನಲ್ಲಿ ಪಾಲಕರ ಎರಡನೇ ಊರು ಎಂದು ದೊಡ್ಡ ಅಕ್ಷರದಲ್ಲಿತ್ತು. ಬರೆದವನ ಹೆಸರು ಎಲ್ಲೂ ಇರಲಿಲ್ಲ. ನಿರ್ದೇಶಕಿಯನ್ನು ಕೇಳಿದರೆ ಅವಳು ಮುಜುಗರದಿಂದ, ಮೇಲಿನವರು ಆ ಹೆಸರು ಬೇಡ ಅಂದರಕ್ಕ, ನಿಮಗೇ ಗೊತ್ತಲ್ಲ ಎಂದಳು.

ಭಾನುವಾರ ಸಂಜೆ. ಪಿಸಕ್ಕ ಹೊರಡುವ ಮೊದಲು ಮಗಳಿಗೆ ಫೋನು ಮಾಡಿ ಇವತ್ತು ಟಿವಿ ಹಾಕು ಎಂದಳು. ಆ ಕಾರ್ಯಕ್ರಮ ನಾನು ನೋಡಲ್ಲಮ್ಮ ಎಂದಳು ಮಗಳು. ನನಗಾಗಿ ನೋಡು ಎಂದು ಇಟ್ಟಳು.

ಈಗ ಗೋಡೆಯ ಹಿಂದೆ ಬಗ್ಗಿ ಕೂರುವ ಕಷ್ಟವಿಲ್ಲ. ಅವಳಿಗೆ ಗಾಜಿನ ಸಣ್ಣ ಕೋಣೆ, ಮುಂದೆ ಮೈಕು, ಒಂದು ಗುಂಡಿ. ಒತ್ತಿದರೆ ಅವಳ ದನಿ ಪಾಲಕರ ಕಿವಿಯೊಳಗಿನ ಕಡಲೆಕಾಳಿನಷ್ಟು ಯಂತ್ರಕ್ಕೆ ಹೋಗುತ್ತದೆ, ಪಕ್ಕದಲ್ಲಿ ನಿರ್ದೇಶಕಿಯ ಕೋಣೆಯಲ್ಲೂ ಕೇಳುತ್ತದೆ. ಗಾಜಿನಾಚೆ ಬೆಳ್ಳಿ ಕಾಗದದ ಹೊಸ ಸಿಂಹಾಸನ, ಅದರಲ್ಲಿ ಮುದುಕ. ಮುಂದೆ ಕುರ್ಚಿಗಳ ತುಂಬ ಅತಿಥಿಗಳು, ಪತ್ರಿಕೆಯವರು. ಅವನು ಅವಳ ಕಡೆ ನೋಡಿ ಕೈಯೆತ್ತಿದ. ಅವಳೂ ಎತ್ತಿದಳು.

ಪ್ರಸಾರದ ಕೆಂಪು ದೀಪ ಹೊತ್ತಿತು. ಸಿಂಹಾಸನದ ಎದುರಿನ ದೊಡ್ಡ ಪರದೆಯ ಮೇಲೆ ಹಳೆಯ ಕಪ್ಪು ಬಿಳುಪು ಚಿತ್ರ ಮೂಡಿತು. ಮೇಷ್ಟ್ರ ಪಾತ್ರದಲ್ಲಿ ಹರೆಯದ ಅವನೇ ನಿಂತು, ಎದುರಿಗಿರುವ ಪಾಲಕನನ್ನು ಕೇಳುತ್ತಾನೆ. "ನೀನು ನಾನೇ ಆಗಿದ್ದರೆ, ನಿನ್ನವರನ್ನು ಹಿಡಿದುಕೊಡಲು ಹೇಗೆ ಮನಸ್ಸು ಬಂತು? ಏನು ಹೇಳಿ ಹಿಡಿದುಕೊಟ್ಟೆ?"

ಪಿಸಕ್ಕ ಗುಂಡಿ ಒತ್ತಿದಳು. ಮೊದಲು ಗಂಡ ಬರೆದ ಸಾಲುಗಳನ್ನೇ ಕೊಟ್ಟಳು. ಮುದುಕ ಒಂದು ಕಣ್ಣು ಕಿರಿದು ಮಾಡಿ ಹೇಳಿದ. ಆಮೇಲೆ ಅವಳು ದನಿ ಬದಲಿಸದೆ, ಬೆರಳು ತೆಗೆಯದೆ, ಅಷ್ಟೇ ಮೆತ್ತಗೆ ಉಸುರಿದಳು. "ಇದು ನಾಟಕವಲ್ಲ. ಈ ಧಾರಾವಾಹಿ ಬರೆದ ಕಥೆಗಾರನ ವಿಚಾರಣೆಯಲ್ಲಿ ನಾನೇ ನಿಂತು ಹೇಳಿದ ಮಾತು." ಅವನು ಅದನ್ನೂ ಹೇಳಿದ, ದನಿ ತುಂಬಿ. ಮುಂದಿನ ಸಾಲಿನಲ್ಲಿ ಗಂಡನ ಹೆಸರನ್ನು ಪೂರ್ತಿಯಾಗಿ ಸೇರಿಸಿ ಕೊಟ್ಟಳು. ಸ್ವಾಮಿ, ನಾನು ಇಂಥ ಹೆಸರಿನವನ ಮನೆಯಲ್ಲಿ ಉಂಡವನು.

ಅವನು ಹೆಸರು ಹೇಳಿದ. ಉಸಿರು ತಡೆದ. "ಉಂಡವನು" ಎಂದ.

ಅವಳು ಗುಂಡಿಯಿಂದ ಬೆರಳು ತೆಗೆದು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಕಿವಿಯಲ್ಲಿ ಮಾತು ನಿಂತದ್ದು ಅವನಿಗೆ ಗೊತ್ತಾಯಿತು, ಮುಖದಲ್ಲೇ ಕಾಣುತ್ತಿತ್ತು. ಏನು ಹೇಳುತ್ತಿದ್ದೇನೆ ಎಂಬುದೂ ಆಗಲೇ ಹೊಳೆಯಿತು. ಬಾಯಿ ಮುಚ್ಚಬಹುದಿತ್ತು. ಆದರೆ ಕೆಂಪು ದೀಪ ಉರಿಯುವಾಗ ಸುಮ್ಮನಿರುವುದು ಅವನಿಗೆ ಸಾಯುವುದಕ್ಕಿಂತ ಕಷ್ಟ, ಮೊದಲಿನಿಂದಲೂ ಹಾಗೆ. ಬಾಯಿಯಲ್ಲಿ ಅದೊಂದೇ ಪಾಠ ತಯಾರಿತ್ತು. ಅದು ತನ್ನಷ್ಟಕ್ಕೆ ಬಂತು.

"ಅದಕ್ಕೇ ಹೇಳುತ್ತಿದ್ದೇನೆ ಸ್ವಾಮಿ. ಇವನು ಬರೆಯುವುದು ಎರಡನೇ ಊರಲ್ಲ, ಇದೇ ಊರು. ಅಲ್ಲಿ ಆಳುವವನು ಬೇರೆಯವನಲ್ಲ, ನಾವು ತಲೆಬಾಗುವ ನಮ್ಮ ದೊರೆಯೇ. ಊಟಕ್ಕೆ ಕೂತಾಗ ನಗುನಗುತ್ತಾ ನನಗೇ ಹೇಳಿದ. ನಾನು ನಗಲಿಲ್ಲ. ಇವನನ್ನು ಬಿಟ್ಟರೆ ನಾಳೆ ಮಕ್ಕಳೂ ನಗುತ್ತಾರೆ."

ನಿರ್ದೇಶಕಿ ಕೈಯಲ್ಲಿದ್ದ ಸಂಭಾಷಣೆಯ ಹಾಳೆ ನೋಡಿ, ಗಾಜಿನಾಚೆಯಿಂದ ಪಿಸಕ್ಕನ ಕೈಗಳನ್ನು ನೋಡಿದಳು. ಸೌಂಡಿನವನು, ಅಕ್ಕನ ಮೈಕು ಆಫ್ ಇದೆ, ಇವರೇ ಹೇಳ್ತಿದ್ದಾರೆ, ಪ್ರಸಾರ ಕಟ್ ಮಾಡಲೇ ಎಂದು ಕೇಳಿದ. ನಿರ್ದೇಶಕಿಗೆ ಗುಟುಕು ನೀರು ಕುಡಿಯುವಷ್ಟು ಹೊತ್ತು ಬೇಕಾಯಿತು.

"ಬೇಡ," ಎಂದಳು. "ಹೋಗ್ಲಿ."

ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಪಿಸಕ್ಕ ಕಲಿಸಿದ್ದು ಅಷ್ಟೇ. ಅವನು ನಿಲ್ಲಿಸಲಿಲ್ಲ. ವಿಚಾರಣೆಯ ಕೋಣೆಯೊಳಗೆ ಅವತ್ತು ಬಾಗಿಲಾಚೆ ಕೇಳದಷ್ಟು ಮೆತ್ತಗೆ ಇನ್ನೇನು ಹೇಳಿದ್ದನೋ ಅದೂ ಪಾಠದ ಬಾಲ ಹಿಡಿದು ಹೊರಗೆ ಬಂತು. ದನಿ ಇಳಿದಿತ್ತು, ನಟನೆ ಹೋಗಿತ್ತು.

"ಒಂದು ಕೋರಿಕೆ ಸ್ವಾಮಿ. ಧಾರಾವಾಹಿ ನಿಲ್ಲಿಸಬೇಡಿ. ಇವನು ನನ್ನ ಪಾತ್ರ ಮುಗಿಸೋಕೆ ಹೊರಟಿದ್ದ. ಬರೆಯೋರು ಬೇರೆ ಸಿಗ್ತಾರೆ."

ಇದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಅವನನ್ನು ಹೇಡಿ ಎಂದು ದ್ವೇಷಿಸಿದ್ದಳು. ಹೆದರಿಸಿರಬೇಕು, ಹೊಡೆದಿರಬೇಕು, ಅದಕ್ಕೇ ಹೇಳಿದ ಎಂದುಕೊಂಡು, ಆ ಹೆದರಿಕೆಯ ಪಾಲಿಗೆ ಒಂದು ಸಾಸಿವೆಯಷ್ಟು ರಿಯಾಯಿತಿ ಕೊಟ್ಟಿದ್ದಳು. ಯಾರೂ ಅವನನ್ನು ಹೆದರಿಸಿರಲಿಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಇನ್ನಷ್ಟು ದಿನ ಕೂರುವುದಕ್ಕಾಗಿ ಅವನು ಅವಳ ಮನೆ ಸುಟ್ಟಿದ್ದ. ಅವಳಿಗೆ ಅಳು ಬರಲಿಲ್ಲ. ಆ ಸಾಸಿವೆಯನ್ನೂ ವಾಪಸು ತೆಗೆದುಕೊಂಡಳು.

ಪರದೆಯ ಮೇಲೆ ಹರೆಯದ ಮೇಷ್ಟ್ರು ಉತ್ತರಕ್ಕೆ ಕಾಯುತ್ತಾ ಹಾಗೇ ನೋಡುತ್ತಿದ್ದ. ಸಭೆಯಲ್ಲಿ ಮೊದಲು ಯಾರೋ ಇಬ್ಬರು ಚಪ್ಪಾಳೆ ತಟ್ಟಿ, ಉಳಿದವರ ಮುಖ ನೋಡಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಜೈಲು ಕಂಡ ಹಳೆಯ ಕ್ಯಾಮೆರಾದವನು ಕೂತಿದ್ದ. ಕೋಲೂರಿ ಎದ್ದು ನಿಂತು, ಸಿಂಹಾಸನದ ಕಡೆ ಬೆನ್ನು ಹಾಕಿ ನಡೆದ. ಕೆಂಪು ದೀಪ ಆರಿತು.

ಪಿಸಕ್ಕನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆದರೆ ಆಚೆ ಕಡೆ ಮಗಳು, "ಅಮ್ಮ, ನಾನು ಅಪ್ಪನನ್ನ ಕೇಳಿದ್ದೆ," ಎಂದಳು. ಬರುತ್ತೇನೆ ಇರು, ಎಲ್ಲ ಕೂತು ಮಾತಾಡೋಣ ಎಂದು ಪಿಸಕ್ಕ ಸಮಾಧಾನ ಹೇಳಿದಳು.

ಗಾಜಿನಾಚೆ ಪತ್ರಿಕೆಯವರು ಸಿಂಹಾಸನವನ್ನು ಮುತ್ತಿದ್ದರು. ಮೂತಿಯ ಹತ್ತಿರಕ್ಕೆ ಹತ್ತಾರು ಮೈಕು. ಇದು ನಿಜವೇ, ಯಾಕೆ ಹೀಗೆ ಮಾಡಿದಿರಿ, ಅವರ ಮನೆಯವರಿಗೆ ಏನು ಹೇಳುತ್ತೀರಿ ಎಂದು ಒಂದೇ ಸಮ ಕೇಳುತ್ತಿದ್ದರು. ಮುದುಕ ಕಿವಿಯ ಮೇಲೆ ಕೈಯಿಟ್ಟುಕೊಂಡು ಜನರ ಸಂದಿಯಿಂದ ಅವಳ ಗಾಜಿನ ಕಡೆಯೇ ನೋಡುತ್ತಿದ್ದ. ತುಟಿಯ ಚಲನೆ ಅವಳಿಗೆ ಇಲ್ಲಿಂದಲೇ ತಿಳಿಯಿತು, ಜೀವಮಾನವಿಡೀ ನೋಡಿದ ತುಟಿ. ತಂಗಿ, ಏನು ಹೇಳಲಿ ಎಂದು ಕೇಳುತ್ತಿದ್ದ.

ಪಿಸಕ್ಕ ಮೈಕಿನ ಹತ್ತಿರ ಬಗ್ಗಿ ಗುಂಡಿ ಒತ್ತಿದಳು.

"ನನ್ನನ್ನ ಯಾಕೆ ಕೇಳ್ತೀರಿ ಅಣ್ಣ," ಎಂದಳು. "ಹೇಳಿಕೊಡೋರು ಬೇರೆ ಸಿಗ್ತಾರೆ."

ಮುದುಕ ಪತ್ರಿಕೆಯವರ ಕಡೆ ತಿರುಗಿದ. ಕತ್ತು ನೇರ ಮಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಆ ತುಂಬಿದ ದನಿಯಲ್ಲಿ ಒಂದಕ್ಷರ ಬಿಡದೆ ಅದನ್ನೇ ಹೇಳಿದ. ಪತ್ರಿಕೆಯವರು ಬರೆದುಕೊಂಡರು. ಪಿಸಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಮಗಳ ಮನೆಗೆ ಹೊರಟಳು.